ಮಾಳಿಗೆಯ ಮಣ್ಣು, ಗುಡ್ಡದ ಕಟ್ಟಿಗೆ



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಮನೆ ದುರಸ್ತಿ ಮಾಡಿ ನೋಡು ಎಂಬ ಗಾದೆ ಮಾತ್ರ ಎಲ್ಲಿಯೂ ಹುಟ್ಟಲಿಲ್ಲ. ಕಟ್ಟುವುದು ಜೀವಮಾನಕ್ಕೊಮ್ಮೆ ನಡೆಯುವ ಸಾಹಸ. ದುರಸ್ತಿ ವರ್ಷವರ್ಷವೂ ಸದ್ದಿಲ್ಲದೆ ನಡೆಯುವ ಕೆಲಸ. ಆದರೆ ಬಡವನ ಮನೆ ನಿಂತಿರುವುದು ಕಟ್ಟಿದ ದಿನದ ಬಲದಿಂದಲ್ಲ, ಪ್ರತಿ ಬೇಸಗೆಯಲ್ಲಿ ಅದಕ್ಕೆ ಸಿಗುವ ಕೈಗಳ ಬಲದಿಂದ. ಆ ಕೈಗಳು ಹೊರಗಿನಿಂದ ಬಂದಾಗ ಏನಾಗುತ್ತದೆ ಎಂಬುದು ಇಂದಿನ ವಿಷಯ.

ಚರ್ಚಿನ ಯುವಜನರು ರಜೆಯ ದಿನಗಳಲ್ಲಿ ಗುಂಪಾಗಿ ದೂರದ ಊರಿಗೆ ಹೋಗಿ, ಒಂದು ವಾರ ತಂಗಿ, ಬಡವರ ಮನೆಯ ಮಾಡು, ಮೆಟ್ಟಿಲು, ಬಾಗಿಲುಗಳನ್ನು ಸರಿಪಡಿಸಿ ಬರುವ ಪದ್ಧತಿ ಅಮೆರಿಕದಲ್ಲಿ ಬಹಳ ಪ್ರಚಲಿತವಾಗಿದೆ. ಅದನ್ನು ಅಲ್ಲಿ ಮಿಶನ್ ಯಾತ್ರೆ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಕಾಲೇಜುಗಳ ಸೇವಾ ಶಿಬಿರ. ರಾಷ್ಟ್ರೀಯ ಸೇವಾ ಯೋಜನೆ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅಂದಿನಿಂದ ಹಳ್ಳಿಗಳಲ್ಲಿ ಶಿಬಿರ ಹೂಡಿ ಶ್ರಮದಾನ ಮಾಡಿದ ವಿದ್ಯಾರ್ಥಿಗಳು ಅಸಂಖ್ಯ. ನೆರೆ ಬಂದಾಗ, ಮನೆ ಬಿದ್ದಾಗ ಇಂತಹ ತಂಡಗಳು ಮತ್ತೆ ಮತ್ತೆ ಹೊರಡುತ್ತವೆ. ಹೊರಡುವವರ ಮನಸ್ಸು ಒಳ್ಳೆಯದು ಎಂಬುದರಲ್ಲಿ ಸಂದೇಹವಿಲ್ಲ. ಪ್ರಶ್ನೆ ಇರುವುದು ಅವರು ಮರಳಿದ ನಂತರ ಆ ಮನೆಯಲ್ಲಿ ಉಳಿಯುವುದೇನು ಎಂಬುದರಲ್ಲಿ. ಅದಕ್ಕೆ ಉತ್ತರ ಹುಡುಕಲು ಹುಬ್ಬಳ್ಳಿ-ಧಾರವಾಡಕ್ಕಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇಲ್ಲ. ಮನೆಯ ಕಷ್ಟವೂ, ಮಿಶನ್ ಎಂಬ ಶಬ್ದವೂ ಅಲ್ಲಿ ಹಳೆಯವು.

ಎರಡು ಇಳಿಜಾರು, ಎರಡು ಬಗೆಯ ಮನೆ

ಧಾರವಾಡ ಮಲೆನಾಡಿನ ಸೆರಗೂ ಹೌದು, ಬಯಲುಸೀಮೆಯ ಹೊಸ್ತಿಲೂ ಹೌದು. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗಿ, ಕಲಘಟಗಿಯ ಕಡೆಯಿಂದ ಬೇಡ್ತಿಯಾಗಿ ಘಟ್ಟದ ಕಾಡು ಹೊಕ್ಕು, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿಯ ಪೂರ್ವಕ್ಕೆ ಹರಿಯುವ ಬೆಣ್ಣಿಹಳ್ಳ ಉತ್ತರಕ್ಕೆ ಸಾಗಿ ಮಲಪ್ರಭೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಸೇರುತ್ತದೆ. ಒಂದೇ ಮೋಡದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುವ ನಾಡು ಅದು.

ಮನೆಗಳೂ ಹಾಗೆಯೇ ಹಂಚಿಹೋಗಿವೆ. ಕಲಘಟಗಿ, ಅಳ್ನಾವರದ ಕಡೆ ಇಳಿಜಾರಾದ ಹಂಚಿನ ಮಾಡು. ಕುಂದಗೋಳ, ನವಲಗುಂದ, ಅಣ್ಣಿಗೇರಿಯ ಎರೆ ಭೂಮಿಯಲ್ಲಿ ಮಣ್ಣಿನ ಗೋಡೆ ಮತ್ತು ಸಮತಟ್ಟಾದ ಮಣ್ಣಿನ ಮಾಳಿಗೆ. ಈ ಮೇಲ್ಮುದ್ದೆ ಮನೆಯ ರಚನೆ ಸರಳವಾದದ್ದು, ಆದರೆ ಜಾಣತನದ್ದು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಡ್ಡಿಗಳ ಹಾಸು, ಎಲ್ಲಕ್ಕಿಂತ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಕೊನೆಯ ಪದರಕ್ಕೆ ಹುಡುಕಿ ತರುವುದು ಕರಲು ಮಣ್ಣು. ಉಪ್ಪಿನಂಶವುಳ್ಳ ಆ ಮಣ್ಣು ಒದ್ದೆಯಾದೊಡನೆ ಸಣ್ಣ ರಂಧ್ರಗಳನ್ನು ತಾನೇ ಮುಚ್ಚಿಕೊಂಡು ನೀರನ್ನು ಕೆಳಗಿಳಿಯಗೊಡುವುದಿಲ್ಲ. ಬೆಳೆ ಬೆಳೆಯದ ಬರಡು ಮಣ್ಣು ಮಾಡಿಗೆ ಅಮೂಲ್ಯ ಎಂಬುದನ್ನು ಕಂಡುಕೊಂಡವರು ಶಾಲೆ ಕಂಡವರಲ್ಲ.

ಇಂತಹ ಮನೆ ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಅದು ಪ್ರತಿ ವರ್ಷ ಸೇವೆ ಬೇಡುತ್ತದೆ. ಮುಂಗಾರಿಗೆ ಮೊದಲು ಮಾಳಿಗೆಯ ಹುಲ್ಲು ಕೀಳಬೇಕು, ಇಲಿಯ ಬಿಲ ಮುಚ್ಚಬೇಕು, ಹರನಾಳಿಗೆಯ ಕಸ ತೆಗೆಯಬೇಕು, ಬಿರುಕಿಗೆ ಹೊಸ ಮಣ್ಣು ಕೊಡಬೇಕು. ಒಂದು ವರ್ಷ ತಪ್ಪಿದರೆ ನೀರು ಜಂತಿಗೆ ಇಳಿಯುತ್ತದೆ. ಶಿಶುನಾಳ ಶರೀಫರು (1819-1889) ಸೋರುವ ಮಾಳಿಗೆಯನ್ನೇ ತತ್ವಪದದ ವಸ್ತುವಾಗಿ ಎತ್ತಿಕೊಂಡದ್ದು ಅದಕ್ಕಾಗಿಯೇ. ಕೇಳುವವರಲ್ಲಿ ಆ ರಾತ್ರಿಯನ್ನು ಕಾಣದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ, ಒಣಗಿದಾಗ ಅದರ ಭಾರ ನಾಲ್ಕು ಟನ್ನಿಗೂ ಹೆಚ್ಚು. ಪೂರ್ತಿ ನೆನೆದಾಗ ಐದು ಟನ್ ದಾಟುತ್ತದೆ. ಹಳೆಯ ಮಣ್ಣನ್ನು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣನ್ನೇ ಸುರಿಯುತ್ತ ಬಂದರೆ ಈ ಭಾರ ಇನ್ನೂ ಏರುತ್ತದೆ. ಕೆಳಗೆ ಗೆದ್ದಲು ತಿಂದ ಜಂತಿ, ಬುಡ ನೆನೆದ ಗೋಡೆ, ನೀರು ಕುಡಿದಾಗ ಉಬ್ಬಿ ಒಣಗಿದಾಗ ಬಿರಿಯುವ ಎರೆ ಮಣ್ಣಿನ ನೆಲ. ಹೀಗಾಗಿ ಮನೆ ಬೀಳುವುದು ಸಾಮಾನ್ಯವಾಗಿ ಮೊದಲ ಮಳೆಗಲ್ಲ. ಬಿಡದೆ ಸುರಿದ ಮಳೆಯ ಮೂರನೆಯ ಅಥವಾ ನಾಲ್ಕನೆಯ ರಾತ್ರಿ, ಎಲ್ಲರೂ ಮಲಗಿರುವಾಗ. ಮನೆ ದುರಸ್ತಿ ಅಂದಚಂದದ ವಿಷಯವಲ್ಲ, ಪ್ರಾಣದ ವಿಷಯ.

ಹಂಚು ಬಂದ ದಾರಿ

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಅವರ ಕೇಂದ್ರಗಳು ಆರಂಭವಾದವು. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಈ ಮಿಶನ್ನಿನವರೇ. ಧಾರವಾಡದ ಶಾಲೆ, ಕಾಲೇಜುಗಳಲ್ಲಿ ಆ ಹೆಸರುಗಳು ಇಂದಿಗೂ ಉಳಿದಿವೆ.

ಮಿಶನ್ನಿನವರಿಗೆ ಬೇಗನೆ ಒಂದು ಕಷ್ಟ ಎದುರಾಯಿತು. ಕ್ರೈಸ್ತರಾದವರು ಜಾತಿಯನ್ನೂ, ಜಾತಿಯೊಂದಿಗೆ ಕುಲಕಸುಬನ್ನೂ, ಅನೇಕ ವೇಳೆ ಇರುವ ಮನೆಯನ್ನೂ ಕಳೆದುಕೊಂಡರು. ಅವರಿಗೆ ಕೆಲಸ ಕೊಡಲು ನೇಯ್ಗೆ, ಮುದ್ರಣ, ಹಂಚಿನ ಕೈಗಾರಿಕೆಗಳು ಹುಟ್ಟಿದವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ದಡದ ಜೇಡಿಮಣ್ಣು, ಅಚ್ಚಿನಲ್ಲಿ ಒತ್ತಿದ ತೋಡು, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಜೋಡಣೆ: ಇದೇ ಮುಂದೆ ಮಂಗಳೂರು ಹಂಚು ಎಂದು ಹೆಸರಾಯಿತು.

ಬಡವನ ತಲೆಯ ಮೇಲಿನ ಭಾರವನ್ನು ಈ ಹಂಚು ನಿಜವಾಗಿಯೂ ಇಳಿಸಿತು. ಮೇಲೆ ಹೇಳಿದ ಅದೇ ಕೋಣೆಗೆ ಸುಮಾರು ನೂರೈವತ್ತು ಹಂಚು ಸಾಕು. ಅವುಗಳ ಭಾರ ಅರ್ಧ ಟನ್ನಿನ ಒಳಗೇ. ನಾಡಹಂಚಿನಂತೆ ಪ್ರತಿ ವರ್ಷ ಇಳಿಸಿ ಕೈಯಾಡಿಸಬೇಕಾದ ಕೆಲಸವೂ ಕಡಿಮೆಯಾಯಿತು. ಹುಲ್ಲಿನ ಮಾಡಿನಂತೆ ಬೆಂಕಿಯ ಭಯವಿಲ್ಲ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಸೋಗೆ ಹೋಗಿ ಹಂಚು ಬಂದದ್ದನ್ನು ಹಿರಿಯರು ಮನೆಯ ಏಳಿಗೆ ಎಂದೇ ನೆನೆಯುತ್ತಾರೆ.

ಆದರೆ ಹಂಚು ಮಣ್ಣಿನಿಂದ ಮಾತ್ರ ಆಗುವುದಿಲ್ಲ, ಬೆಂಕಿಯಿಂದ ಆಗುತ್ತದೆ. ಕರಾವಳಿಯಲ್ಲಿ ಒಂದರ ಹಿಂದೊಂದು ಕಾರ್ಖಾನೆ ಎದ್ದಂತೆ ಆವಿಗೆಗಳ ಹೊಟ್ಟೆ ತುಂಬಿಸಲು ಘಟ್ಟದ ತಪ್ಪಲಿನ ಕಟ್ಟಿಗೆ ಹೊಳೆಯ ದಾರಿಯಲ್ಲಿ ಇಳಿದು ಬಂತು. ದೂರದ ಬಯಲಿನಲ್ಲಿ ಒಂದು ಮಾಡು ಗಟ್ಟಿಯಾದಾಗ ಘಟ್ಟದ ಮೇಲೆ ಒಂದು ಗುಡ್ಡ ಬೋಳಾಯಿತು. ಮಾಡು ಹೊದೆಸಿದವರು ಗುಡ್ಡವನ್ನು ಕಾಣಲಿಲ್ಲ. ಗುಡ್ಡದವರು ಆ ಮಾಡನ್ನು ಕಾಣಲಿಲ್ಲ. ಇದು ಮಿಶನ್ ಒಂದರ ತಪ್ಪೇನೂ ಅಲ್ಲ. ಮೇಲ್ಮುದ್ದೆ ಮನೆಗೂ, ಬಯಲಿನ ಬೇವು ಜಾಲಿಗಳು ಸಾಲದಾದಾಗ, ತೊಲೆಗಳು ಪಶ್ಚಿಮದ ಕಾಡಿನಿಂದಲೇ ಬರಬೇಕಿತ್ತು.

ಇಂದು ಕಟ್ಟಿಗೆಯ ಜಾಗಕ್ಕೆ ಸಿಮೆಂಟು, ಕಬ್ಬಿಣ, ಮರಳು ಬಂದಿವೆ. ಸಿಮೆಂಟಿಗೆ ಸುಣ್ಣದಕಲ್ಲಿನ ಗಣಿ, ಮರಳಿಗೆ ನದಿಯ ಪಾತ್ರ, ಕಬ್ಬಿಣಕ್ಕೆ ಅದಿರಿನ ಬೆಟ್ಟ. ಸೊಂಡೂರು, ಬಳ್ಳಾರಿಯ ಬೆಟ್ಟಗಳು ಹೇಗೆ ಕರಗಿದವೆಂಬುದನ್ನು ನಾಡು ಕಂಡಿದೆ. ಆ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಧಾರವಾಡದಲ್ಲಿ ಬೆಳೆದ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈನಲ್ಲಿ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಮನೆಯ ಪ್ರಶ್ನೆಯೂ ಬೆಟ್ಟದ ಪ್ರಶ್ನೆಯೂ ಬೇರೆ ಬೇರೆಯಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಅಪಲಾಚಿಯದ ಗುಡ್ಡಗಳಲ್ಲಿ

ಈಗ ಅಮೆರಿಕದ ಕಡೆ ತಿರುಗಬಹುದು. ಅಲ್ಲಿಯೂ ಇದು ಗುಡ್ಡಗಾಡಿನ ಕಥೆಯೇ. ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಸಾಲು ಕಲ್ಲಿದ್ದಲಿನ ನಾಡು. ಸಂಪತ್ತು ರೈಲಿನಲ್ಲಿ ಹೊರಗೆ ಹೋಯಿತು. ಸೋರುವ ಮಾಡು, ಕೊಳೆತ ಮೆಟ್ಟಿಲು ಗುಡ್ಡದ ಜನರ ಪಾಲಿಗೆ ಉಳಿಯಿತು. 1969ರಲ್ಲಿ, ಅಂದರೆ ಭಾರತದಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದ ವರ್ಷವೇ, ಗ್ಲೆನ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಚರ್ಚಿನ ಹುಡುಗ ಹುಡುಗಿಯರೂ ಹಿರಿಯರೂ ಸೇರಿದ ಸುಮಾರು 50 ಜನರನ್ನು ಕೆಂಟಕಿ ರಾಜ್ಯದ ಬಾರ್ಬರ್‌ವಿಲ್ ಊರಿನ ಸುತ್ತಮುತ್ತ ಕರೆದೊಯ್ದರು. ಆ ಬೇಸಗೆಯಲ್ಲಿ ನಾಲ್ಕು ಮನೆ ದುರಸ್ತಿಯಾದವು. ಅಪಲಾಚಿಯ ಸೇವಾ ಯೋಜನೆ ಎಂಬ ಹೆಸರಿನಲ್ಲಿ ಬೆಳೆದ ಆ ಕಾರ್ಯ ಇಂದಿಗೂ ನಡೆದಿದೆ. ಮನೆ ಬೆಚ್ಚಗಿರಬೇಕು, ಸುರಕ್ಷಿತವಾಗಿರಬೇಕು, ಒಣಗಿರಬೇಕು ಎಂಬ ಮೂರೇ ಗುರಿಗಳನ್ನು ಅದು ಇಟ್ಟುಕೊಂಡಿತು. ಅಲಂಕಾರವಿಲ್ಲದ ಈ ಮೂರು ಗುರಿಗಳನ್ನು ಯಾವ ನಾಡಿನವರೂ ಒಪ್ಪಬಹುದು.

ಇದರಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಪಟ್ಟಣದ ಹದಿನಾರರ ಹುಡುಗ ಗುಡ್ಡದ ಮುದುಕಿಯ ಅಂಗಳದಲ್ಲಿ ವಾರವಿಡೀ ಬೆವರು ಸುರಿಸಿದಾಗ ಬಡತನ ಅವನಿಗೆ ಅಂಕಿಅಂಶವಾಗಿ ಉಳಿಯುವುದಿಲ್ಲ. ಆದರೆ ಮಿತಿಯೂ ಸ್ಪಷ್ಟವಾಗಿದೆ. ಮಾಡಿಗೆ ಹಲಗೆ ಹೊಡೆದ ಮನೆಯ ಹಿಂದೆಯೇ ಗುಡ್ಡದ ತಲೆ ಕಡಿಯುವ ಗಣಿ ನಡೆದಿದ್ದರೆ, ಮಳೆಯ ನೀರನ್ನು ಹಿಡಿಯಲು ಅಲ್ಲಿ ಮಣ್ಣೂ ಇಲ್ಲ, ಮರವೂ ಇಲ್ಲ. 2022ರ ಜುಲೈ ಕೊನೆಯಲ್ಲಿ ಪೂರ್ವ ಕೆಂಟಕಿಯ ಕಣಿವೆಗಳಿಗೆ ನೆರೆ ನುಗ್ಗಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಮನೆಗಳು ಬುಡಸಹಿತ ಹೋದವು. ಮಾಡಿನ ತೂತನ್ನು ಮುಚ್ಚಿ ಗುಡ್ಡದ ತೂತನ್ನು ಬಿಟ್ಟರೆ ನೀರು ತನ್ನ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಬೇಕರ್ ಕಲಿತ ಪಾಠ

ಸೇವೆಗೆಂದು ಬಂದವನು ಶಿಷ್ಯನಾದರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲಿಯೇ ಒಂದು ಉದಾಹರಣೆಯಿದೆ. ಲಾರಿ ಬೇಕರ್ 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ; ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಕುಷ್ಠರೋಗಿಗಳ ಸೇವೆಯಲ್ಲಿದ್ದ ಕ್ರೈಸ್ತ ಮಿಶನ್ನಿನ ಪರವಾಗಿ 1945ರಲ್ಲಿ ಭಾರತಕ್ಕೆ ಬಂದರು. ಅವರ ಮೊದಲ ಕೆಲಸ ಹೊಸ ಕಟ್ಟಡವಲ್ಲ, ದುರಸ್ತಿ. ರೋಗಿಗಳನ್ನು ಕೂಡಿಹಾಕುತ್ತಿದ್ದ ಹಳೆಯ ಆಶ್ರಯಗೃಹಗಳನ್ನು ಚಿಕಿತ್ಸೆಯ ಆಸ್ಪತ್ರೆಗಳಾಗಿ ಮಾರ್ಪಡಿಸಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಕಲಿತ ವಿದ್ಯೆ ಗೆದ್ದಲು, ಮುಂಗಾರು, ಎರೆ ಮಣ್ಣುಗಳ ಮುಂದೆ ಸಾಲದೆಂಬುದು ಅವರಿಗೆ ಬೇಗನೆ ತಿಳಿಯಿತು.

1948ರಲ್ಲಿ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ಮದುವೆಯಾಗಿ ಬೇಕರ್ ಹಿಮಾಲಯದ ಪಿತೋರಾಗಢಕ್ಕೆ ಹೋದರು. ಅಲ್ಲಿ ಸುಮಾರು ಹದಿನೈದು ವರ್ಷ ಆಸ್ಪತ್ರೆ ನಡೆಸುತ್ತ, ಗುಡ್ಡದ ಜನ ಕಲ್ಲು, ಮಣ್ಣು, ಮರ, ಸಗಣಿಗಳಿಂದ ಹೇಗೆ ಮನೆ ಕಟ್ಟುತ್ತಾರೆಂಬುದನ್ನು ನೋಡಿದರು. ನೂರಾರು ಮಳೆಗಾಲಗಳನ್ನು ಕಂಡ ಬುದ್ಧಿ ಆ ಗೋಡೆಗಳಲ್ಲಿದೆ ಎಂದು ಅವರಿಗೆ ಅನ್ನಿಸಿತು. ಮನೆಯ ಸಾಮಗ್ರಿ ಐದು ಮೈಲಿಯ ಒಳಗೇ ಸಿಗುವಂತಿರಬೇಕು ಎಂಬ ಗಾಂಧೀಜಿಯವರ ವಿಚಾರವನ್ನು ಬೇಕರ್ ಕೊನೆಯವರೆಗೂ ನೆನೆಯುತ್ತಿದ್ದರು.

ಮುಂದೆ ಕೇರಳದಲ್ಲಿ ನೆಲೆನಿಂತು ಅವರು ಕಟ್ಟಿದ ಮನೆಗಳಲ್ಲಿ ಈ ಪಾಠ ಕಾಣುತ್ತದೆ. ಗೋಡೆಯ ನಡುವೆ ಟೊಳ್ಳು ಬಿಟ್ಟು ಇಟ್ಟಿಗೆ ಜೋಡಿಸುವ ಕ್ರಮದಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯಿತು. ಕಾಂಕ್ರೀಟ್ ಮಾಳಿಗೆಯ ಕೆಳಭಾಗದಲ್ಲಿ, ಕಾಂಕ್ರೀಟಿನ ಕೆಲಸ ಹೆಚ್ಚಿಲ್ಲದ ಕಡೆ, ಹಳೆಯ ಮಂಗಳೂರು ಹಂಚನ್ನು ತುಂಬಿ ಅವರು ಸಿಮೆಂಟನ್ನೂ ಕಬ್ಬಿಣವನ್ನೂ ಉಳಿಸಿದರು. ಘಟ್ಟದ ಕಟ್ಟಿಗೆಯಿಂದ ಬೆಂದ ಹಂಚು ಬಿಸಾಡುವ ವಸ್ತುವಾಗಬಾರದು. ಅದರಲ್ಲಿ ಒಂದು ಕಾಡಿನ ಬೆಂಕಿ ಅಡಗಿದೆ. ಬೇಕರ್ 1989ರಲ್ಲಿ ಭಾರತದ ಪ್ರಜೆಯಾದರು, 2007ರಲ್ಲಿ ತೀರಿಕೊಂಡರು. ಕರ್ನಾಟಕದಲ್ಲಿಯೂ ಇದೇ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ಸ್ವಲ್ಪ ಸಿಮೆಂಟು ಬೆರೆಸಿದ ಮಣ್ಣನ್ನು ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಗೋಡೆಗೆ ಬಳಸುವ ಇಟ್ಟಿಗೆಯನ್ನು ರೂಪಿಸಿತು. ಎರೆ ಮಣ್ಣು ಮಾತ್ರ ಇದಕ್ಕೆ ನೇರವಾಗಿ ಒದಗದು, ಮರಳು ಬೆರೆಸಬೇಕು.

ನೆರೆ ಬಂದ ಎರಡು ವರ್ಷ

2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮನೆಗಳು ಲಕ್ಷಗಳ ಲೆಕ್ಕದಲ್ಲಿ ಹಾಳಾದವು. ಸರ್ಕಾರ ‘ಆಸರೆ’ ಎಂಬ ಯೋಜನೆ ಹಮ್ಮಿಕೊಂಡಿತು. ಮಠಗಳು, ಕಂಪನಿಗಳು, ಸೇವಾ ಸಂಸ್ಥೆಗಳು ಕೈಜೋಡಿಸಿದವು. ಸಾಲುಸಾಲಾಗಿ ಒಂದೇ ಅಳತೆಯ ಮನೆಗಳು ಎದ್ದವು. ಆದರೆ ಹಲವು ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿಲ್ಲ, ಕಾಳು ಇಡಲು ಎಡೆಯಿಲ್ಲ. ಒಕ್ಕಲಿಗನ ಮನೆ ಮಲಗುವ ಕೋಣೆಯಷ್ಟೇ ಅಲ್ಲ. ಅದು ಎತ್ತು, ಬೀಜ, ಹೊಟ್ಟು, ಮೇವುಗಳ ಮನೆಯೂ ಹೌದು ಎಂಬುದನ್ನು ನಕ್ಷೆ ಬರೆದವರು ಕೇಳಿರಲಿಲ್ಲ.

2019ರ ಆಗಸ್ಟಿನಲ್ಲಿ ಮತ್ತೆ ಅದೇ ಆಯಿತು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿದವು. ಧಾರವಾಡ ಜಿಲ್ಲೆಯ ಊರೂರುಗಳಲ್ಲಿ ಗೋಡೆ ಕುಸಿದವು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯ ಪರಿಹಾರವನ್ನು ಸರ್ಕಾರ ಪ್ರಕಟಿಸಿತು. ಹಾನಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸಲಾಯಿತು. ಒಂದು ಬಿರುಕು ಯಾವ ಅಕ್ಷರಕ್ಕೆ ಸೇರುತ್ತದೆ ಎಂಬುದರ ಮೇಲೆ ಕುಟುಂಬದ ಮುಂದಿನ ಹತ್ತು ವರ್ಷ ನಿಂತಿತು. ಹಕ್ಕುಪತ್ರವಿಲ್ಲದವರಿಗೆ, ಅಣ್ಣತಮ್ಮಂದಿರ ಪಾಲು ಕಾಗದದಲ್ಲಿ ಆಗದವರಿಗೆ ಪಟ್ಟಿಯಲ್ಲಿ ಹೆಸರು ಬರುವುದೇ ಕಷ್ಟ. ಅಂತಹ ಹೊತ್ತಿನಲ್ಲಿ ಒಂದು ಅರ್ಜಿಯನ್ನು ಸರಿಯಾಗಿ ಬರೆದುಕೊಟ್ಟು, ಹಾನಿಯ ಚಿತ್ರ ತೆಗೆದು, ಪಂಚಾಯ್ತಿಗೆ ಜೊತೆಯಲ್ಲಿ ನಡೆದುಹೋಗುವ ವಿದ್ಯಾರ್ಥಿಯೂ ಮನೆಯನ್ನೇ ದುರಸ್ತಿ ಮಾಡುತ್ತಿರುತ್ತಾನೆ. ಕೈಯಲ್ಲಿ ಸುತ್ತಿಗೆ ಇರಲೇಬೇಕೆಂದಿಲ್ಲ.

ಶಿಬಿರಕ್ಕೆ ಹೊರಡುವವರಿಗೆ

ಇಷ್ಟರಿಂದ ತಿಳಿಯಬೇಕಾದ ಕೆಲವು ಮಾತುಗಳಿವೆ.

ಮೊದಲನೆಯದು ಕಾಲ. ಮಣ್ಣಿನ ಮನೆಯ ದುರಸ್ತಿ ಆಗಬೇಕಾದದ್ದು ಚೈತ್ರ, ವೈಶಾಖಗಳಲ್ಲಿ. ಮನೆ ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಅಲ್ಲ. ಮಳೆಗೆ ಮುಂಚಿನ ನಾಲ್ಕು ದಿನದ ಕೆಲಸ ಮಳೆಯ ನಂತರದ ನಾಲ್ಕು ಲಕ್ಷ ರೂಪಾಯಿಗೆ ಸಮ.

ಎರಡನೆಯದು ಕೇಳುವಿಕೆ. ಊರಿನ ಗೌಂಡಿ, ಬಡಿಗ, ಪ್ರತಿ ವರ್ಷ ಗೋಡೆ ಸಾರಿಸುವ ಮನೆಯ ಹೆಂಗಸು, ಈ ಮೂವರು ಹೇಳುವ ತನಕ ಯಾವ ಗೋಡೆಯನ್ನೂ ಮುಟ್ಟಬಾರದು. ಯಾವ ಜಂತಿ ಭಾರ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂಬುದು ಅವರಿಗೆ ಗೊತ್ತು. ಕಲಿಯದ ಕೈ ಹಳೆಯ ಗೋಡೆಯನ್ನು ಕೆಡವಿ ಜೀವ ತೆಗೆಯಬಲ್ಲದು.

ಮೂರನೆಯದು ಸಾಮಗ್ರಿ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿದರೆ ನೋಡಲು ಪಕ್ಕಾ ಮನೆಯಾಗುತ್ತದೆ. ಆದರೆ ನೆಲದಿಂದ ಏರಿದ ತೇವ ಹೊರಗೆ ಹೋಗಲಾರದೆ ಒಳಗೇ ಉಳಿದು ಮಣ್ಣನ್ನು ಮೆತ್ತಗಾಗಿಸುತ್ತದೆ. ಗಿಲಾವು ನಿಂತಿರುತ್ತದೆ, ಗೋಡೆ ಕರಗಿರುತ್ತದೆ. ಅಲ್ಲಿ ಬೇಕಾದದ್ದು ಉಸಿರಾಡುವ ಸುಣ್ಣ ಅಥವಾ ಮಣ್ಣಿನ ಗಿಲಾವು, ಬುಡಕ್ಕೆ ಕಲ್ಲಿನ ಕಟ್ಟೆ, ಗೋಡೆಯಿಂದ ನೀರನ್ನು ದೂರ ಒಯ್ಯುವ ಕಾಲುವೆ, ಗೋಡೆಯ ಮೇಲೆ ಮಳೆ ಬಡಿಯದಂತೆ ಮಾಡಿನ ಚಾಚು. ಮಾಳಿಗೆಗೆ ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಇಳಿಸಬೇಕು. ಒಡೆಯದ ಹಂಚನ್ನು ಮತ್ತೆ ಬಳಸಬೇಕು. ಹೊಸದು ತರಬೇಕಾದಾಗ ಇದು ಯಾವ ಗುಡ್ಡದಿಂದ, ಯಾವ ಹೊಳೆಯಿಂದ ಬಂತು ಎಂದು ಒಮ್ಮೆಯಾದರೂ ಕೇಳಬೇಕು.

ನಾಲ್ಕನೆಯದು ನಂಬಿಕೆ. ಸೇವೆ ಮಾಡುವವನಿಗೆ ದೇವರು ಪ್ರೇರಣೆಯಾಗಬಹುದು. ಪಡೆಯುವವನಿಗೆ ದೇವರು ಷರತ್ತಾಗಬಾರದು. ಯಾವ ಚರ್ಚಿನವರು, ಯಾವ ಮಠದವರು, ಯಾವ ಪಕ್ಷದವರು ಬಂದರೂ ಈ ಅಳತೆಗೋಲು ಒಂದೇ. ಮಳೆ ಯಾರ ಜಾತಿಯನ್ನೂ ಕೇಳಿ ಸೋರುವುದಿಲ್ಲ.

ಐದನೆಯದು ಮರ್ಯಾದೆ. ಬಿದ್ದ ಮನೆಯ ಮುಂದೆ ಮನೆಯವರನ್ನು ನಿಲ್ಲಿಸಿ ಚಿತ್ರ ತೆಗೆಯುವುದು ಪರಿಹಾರದ ಅರ್ಜಿಗೆ ಬೇಕಾಗಬಹುದು; ಶಿಬಿರದ ವರದಿಯ ಅಲಂಕಾರಕ್ಕೆ ಬೇಡ.

ಮಲೆನಾಡಿನ ಹಿರಿಯರಿಗೆ ಮುಯ್ಯಾಳು ಎಂಬ ಪದ್ಧತಿ ಗೊತ್ತು. ಇಂದು ಇವರ ಮನೆಯ ಮಾಡಿಗೆ ಊರೆಲ್ಲ ಕೈಹಾಕಿದರೆ, ನಾಳೆ ಇವರು ಇನ್ನೊಬ್ಬರ ಮಾಡಿಗೆ ಕೈಹಾಕುತ್ತಾರೆ. ಅಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬುದಿಲ್ಲ. ದಾನವನ್ನು ಹಿಂದಿರುಗಿಸಲಾಗದು, ಮುಯ್ಯಿಯನ್ನು ಹಿಂದಿರುಗಿಸಬಹುದು. ಮನೆ ದುರಸ್ತಿಯ ಯಾತ್ರೆ ದಾನದ ದಾರಿ ಬಿಟ್ಟು ಮುಯ್ಯಿಯ ದಾರಿ ಹಿಡಿಯಬೇಕು. 1976ರಲ್ಲಿ ಅಮೆರಿಕದಲ್ಲಿ ಕ್ರೈಸ್ತ ಪ್ರೇರಣೆಯಿಂದಲೇ ಹುಟ್ಟಿದ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ, ಮನೆ ಪಡೆಯುವ ಕುಟುಂಬವೂ ತನ್ನ ಮನೆಗಾಗಿ ದುಡಿಯಬೇಕು ಎಂಬ ನಿಯಮವನ್ನು ಇಟ್ಟುಕೊಂಡದ್ದು ಇದಕ್ಕೆ ಹತ್ತಿರದ ವಿಚಾರ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು. ನವಲಗುಂದದ ರೈತ ತನ್ನ ಮಾಳಿಗೆಯ ವಿದ್ಯೆಯನ್ನು ಶಿಬಿರದ ಹುಡುಗನಿಗೆ ಕಲಿಸಲಿ. ಆ ಹುಡುಗ ಅದನ್ನು ಬರೆದಿಟ್ಟು ಅದೇ ಊರಿನ ಶಾಲೆಯ ಮಕ್ಕಳಿಗೆ ಒಪ್ಪಿಸಲಿ. ಆಗ ಕೊಟ್ಟವನೂ ಪಡೆದವನೂ ಇಬ್ಬರೂ ಸಾಲಗಾರರು, ಇಬ್ಬರೂ ಧಣಿಗಳು.

ಶಿಬಿರ ಯಶಸ್ವಿಯಾಯಿತೇ ಎಂಬುದನ್ನು ಸಮಾರೋಪದ ದಿನ ಹೇಳಲು ಬರುವುದಿಲ್ಲ. ಅದಕ್ಕೆ ಒಂದು ವರ್ಷ ಕಾಯಬೇಕು. ಮರುವರ್ಷ ವೈಶಾಖದಲ್ಲಿ ಆ ಮನೆಯವರು ಯಾರಿಗೂ ಕಾಯದೆ ತಾವೇ ಮಾಳಿಗೆ ಏರಿ ಹುಲ್ಲು ಕೀಳುತ್ತಿದ್ದರೆ, ಪಕ್ಕದ ಮನೆಯವರು ಕೆಳಗಿನಿಂದ ಮಣ್ಣಿನ ಬುಟ್ಟಿ ಎತ್ತಿಕೊಡುತ್ತಿದ್ದರೆ, ಆ ಮಣ್ಣು ಊರಿನ ಕೆರೆಯಂಗಳದಿಂದಲೋ ಕರಲು ನೆಲದಿಂದಲೋ ಬಂದಿದ್ದು ಯಾವ ಗುಡ್ಡವೂ ಅದಕ್ಕಾಗಿ ಬೋಳಾಗದಿದ್ದರೆ, ಬಂದವರು ಸರಿಯಾದ ಕೆಲಸವನ್ನೇ ಮಾಡಿ ಹೋದರೆಂದು ತಿಳಿಯಬೇಕು. ಆಮೇಲೆ ಮೂರು ರಾತ್ರಿ ಎಡೆಬಿಡದೆ ಮಳೆ ಸುರಿಯಲಿ. ನಾಲ್ಕನೆಯ ಬೆಳಿಗ್ಗೆ ಆ ಮನೆಯ ಒಲೆಯಿಂದ ಹೊಗೆ ಏಳುವುದೊಂದೇ ಈ ಸೇವೆಗೆ ಸಿಗಬೇಕಾದ ಪ್ರಮಾಣಪತ್ರ.